ಡಿಬಗ್ ಬಿಲ್ಡ್ ಮಾಡಿದರೆ ಕಂಪೈಲರ್ ‘ಕಿಲ್ಡ್’: 8 ಜಿಬಿಯಲ್ಲಿ ಟೆಂಪ್ಲೇಟ್ ಕೋಡ್ ಕಟ್ಟುವುದು ಹೇಗೆ?

ಪ್ರಶ್ನೆ: ನಾನು ಸಿ++ನಲ್ಲಿ ಒಂದು ಸಣ್ಣ ಸ್ಕ್ರಿಪ್ಟ್ ಭಾಷೆ ಬರೆಯುತ್ತಿದ್ದೇನೆ. ಪಾರ್ಸರ್‌ಗೆ ಬೂಸ್ಟ್ ಸ್ಪಿರಿಟ್ ಕ್ಯೂಐ, ಮ್ಯಾಟ್ರಿಕ್ಸ್ ಲೆಕ್ಕಕ್ಕೆ ಐಗನ್. ಲಿನಕ್ಸ್, ಕಂಪೈಲರ್ ಜಿಸಿಸಿ, ಬಿಲ್ಡ್ ಏರ್ಪಾಡಿಗೆ ಸಿಮೇಕ್. ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ಮೆಮೊರಿ, ಬೋರ್ಡಿಗೇ ಬೆಸುಗೆ ಹಾಕಿದ್ದು, ಹೆಚ್ಚಿಸಲು ಆಗುವುದಿಲ್ಲ. ರಿಲೀಸ್ ಬಿಲ್ಡ್ ಹೇಗೋ ಮುಗಿಯುತ್ತದೆ. ಡಿಬಗ್ ಮಾಡಲು ‘ರೆಲ್‌ವಿತ್‌ಡೆಬ್‌ಇನ್ಫೋ’ ಇಟ್ಟು ‘ಮೇಕ್ -ಜೆ8’ (ಒಟ್ಟಿಗೆ ಎಂಟು ಕೆಲಸ) ಕೊಟ್ಟರೆ ಮೌಸ್ ಕೂಡ ಅಲುಗಾಡುವುದಿಲ್ಲ. ಐದು ನಿಮಿಷ ಬಿಟ್ಟು ಸಿಸಿ1ಪ್ಲಸ್ (ಜಿಸಿಸಿ ಒಳಗಿನ ಸಿ++ ಕಂಪೈಲರ್) ಕಿಲ್ಡ್ ಅಂತ ಬರುತ್ತದೆ. ಸಾಯುವ ಫೈಲ್ ಬರೀ 600 ಸಾಲಿನದು! ಕೋಡ್ ಪೂರ್ತಿ ತಿರುಗಿಸಿ ಬರೆಯದೆ ದಾರಿ ಇದೆಯಾ?

ಉತ್ತರ: ದಾರಿ ಇದೆ. ಪೂರ್ತಿ ತಿರುಗಿಸಿ ಬರೆಯುವುದು ಬೇಡ, ಆದರೆ ಆ 600 ಸಾಲಿನ ಫೈಲನ್ನು ಸ್ವಲ್ಪ ಒಡೆಯಬೇಕಾಗಬಹುದು. ಮೊದಲು ಒಂದು ಮಾತು: ಆಯ್ಕೆಗಳ ಹೆಸರನ್ನೆಲ್ಲ ಉಚ್ಚಾರದಂತೆ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಟರ್ಮಿನಲ್‌ನಲ್ಲಿ ಹಾಕುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿಕೊಳ್ಳಿ.

‘ಬರೀ 600 ಸಾಲು’ ಅಂದಿರಲ್ಲ, ಅಲ್ಲೇ ಇದೆ ಗುಟ್ಟು. ಕಂಪೈಲರ್‌ನ ಮೆಮೊರಿಗೂ ಸಾಲಿನ ಲೆಕ್ಕಕ್ಕೂ ಸಂಬಂಧ ಕಡಿಮೆ. ಅದಕ್ಕೆ ಮುಖ್ಯವಾಗುವುದು ನೀವು ಎಷ್ಟು ಬೇರೆ ಬೇರೆ ಟೈಪ್‌ಗಳನ್ನು ಹುಟ್ಟಿಸುತ್ತೀರಿ ಅನ್ನುವುದು. ಸ್ಪಿರಿಟ್, ಐಗನ್ ಎರಡೂ ನಿಂತಿರುವುದು ಟೆಂಪ್ಲೇಟ್ ಮೇಲೆ, ಅಂದರೆ ಕೊಟ್ಟ ಟೈಪ್‌ಗೆ ತಕ್ಕಂತೆ ಹೊಸ ಕೋಡ್ ತೆಗೆಯುವ ಅಚ್ಚಿನ ಮೇಲೆ. ಸ್ಪಿರಿಟ್‌ನಲ್ಲಿ ಒಂದು ನಿಯಮಕ್ಕೆ ‘ಅ >> ಬ >> ಕ | ಡ’ ಅಂತ ಬರೆದಾಗ ನಿಮಗೆ ಕಾಣುವುದು ಒಂದು ಸಾಲು. ಕಂಪೈಲರ್‌ಗೆ ಪ್ರತಿ >>, ಪ್ರತಿ | ಒಂದೊಂದು ಹೊಸ ಟೈಪ್. ಅದರ ಹೊಟ್ಟೆಯಲ್ಲಿ ಹಿಂದಿನದೆಲ್ಲ ಕೂತಿರುತ್ತದೆ. ಹೀಗೆ ಹುಟ್ಟಿದ ಪ್ರತಿಯೊಂದನ್ನೂ ಆ ಫೈಲ್ ಮುಗಿಯುವ ತನಕ ಕಂಪೈಲರ್ ಹಿಡಿದುಕೊಂಡೇ ಇರುತ್ತದೆ. ಮುಂದಿನ ಸಾಲಿನಲ್ಲಿ ಅದೇ ಟೈಪನ್ನು ಮತ್ತೆ ಕೇಳಬಹುದು, ಆಗ ಹೊಸದಾಗಿ ಮಾಡುವಂತಿಲ್ಲ, ಅಲ್ವಾ?

ಇದರ ಮೇಲೆ -ಜಿ, ಅಂದರೆ ಡಿಬಗ್ ಮಾಹಿತಿ ಬರೆಯುವ ಆಯ್ಕೆ, ಬಂದು ಕೂರುತ್ತದೆ. ಡಿಬಗರ್‌ಗೆ ವಿವರ ಕೊಡಬೇಕು ಅಂದರೆ ಪ್ರತಿ ಟೈಪ್‌ನ ಹೆಸರು, ಸದಸ್ಯರು, ಫಂಕ್ಷನ್‌ಗಳು, ಟೆಂಪ್ಲೇಟ್‌ಗೆ ಕೊಟ್ಟ ಆರ್ಗ್ಯುಮೆಂಟ್‌ಗಳು, ತಂದೆ ಕ್ಲಾಸ್ ಎಲ್ಲದಕ್ಕೂ ಒಂದೊಂದು ದಾಖಲೆ ಬೇಕು. ಹೆಸರಂತೂ ಕೇಳಬೇಡಿ. ನಮ್ಮ ಲಗ್ನಪತ್ರಿಕೆಯಲ್ಲಿ ಮುತ್ತಾತನ ಹೆಸರು, ಊರು, ಗೋತ್ರ, ಯಾರ ಮೊಮ್ಮಗ, ಯಾರ ಮಗ ಎಲ್ಲ ಹೇಳಿ ಕೊನೆಗೆ ವರನ ಹೆಸರು ಬರುತ್ತದಲ್ಲ, ಹಾಗೆ. ಕೊನೆಗೆ ತುಂಡುಗಳನ್ನೆಲ್ಲ ಜೋಡಿಸುವ ಲಿಂಕರ್ ನೋಡುವ ಹೆಸರಿನಲ್ಲಿ ಒಮ್ಮೆ ಬಂದ ಭಾಗ ಮತ್ತೆ ಬಂದರೆ ‘ಮೇಲೆ ಹೇಳಿದ್ದೇ’ ಅಂತ ಚುಟುಕು ಗುರುತು ಹಾಕುವ ಏರ್ಪಾಡು ಇದೆ. ಡಿಬಗ್ ಮಾಹಿತಿಯ ಹೆಸರಿನಲ್ಲಿ ಆ ಉಳಿತಾಯ ಇಲ್ಲ. ಪ್ರತಿ ಸಲವೂ ಪೂರ್ತಿ ವಂಶಾವಳಿ ಬರೆಯುತ್ತದೆ. ಸ್ಪಿರಿಟ್‌ನ ಒಂದು ನಿಯಮದ ಹೆಸರು ಟರ್ಮಿನಲ್‌ನ ಪರದೆ ತುಂಬಿ ಮೇಲೆ ಹೋಗುವುದು ಮಾಮೂಲು.

ಸರಿ, ಈಗ ಕೆಲಸಕ್ಕೆ ಬರೋಣ. ಏನನ್ನೂ ಬದಲಿಸುವ ಮೊದಲು ಅಳೆಯಿರಿ. ಸತ್ತದ್ದು ಒಂದು ದೈತ್ಯ ಫೈಲ್‌ನಿಂದಲೋ, ಎಂಟು ಮಧ್ಯಮ ಫೈಲ್‌ಗಳು ಒಟ್ಟಿಗೆ ಓಡಿದ್ದರಿಂದಲೋ ಗೊತ್ತಾಗಬೇಕು. ಎರಡಕ್ಕೂ ಮದ್ದು ಬೇರೆ. ‘ಮೇಕ್ ವರ್ಬೋಸ್=1’ ಕೊಟ್ಟರೆ ಆ ಫೈಲ್‌ನ ಪೂರ್ತಿ ಕಮಾಂಡ್ ಕಾಣುತ್ತದೆ. ಅದನ್ನು ನಕಲು ಮಾಡಿ, ಮುಂದೆ ‘/ಯುಎಸ್‌ಆರ್/ಬಿನ್/ಟೈಮ್ -ವಿ’ ಸೇರಿಸಿ ಒಂಟಿಯಾಗಿ ಓಡಿಸಿ. ಸುಮ್ನೆ ‘ಟೈಮ್’ ಅಂದರೆ ಶೆಲ್‌ನ ಸ್ವಂತದ್ದು ಓಡುತ್ತದೆ, ಅದಕ್ಕೆ -ವಿ ಗೊತ್ತಿಲ್ಲ. ಹಾಗಾಗಿ ದಾರಿ ಪೂರ್ತಿ ಬರೆಯಿರಿ. ಔಟ್‌ಪುಟ್‌ನಲ್ಲಿ ‘ಮ್ಯಾಕ್ಸಿಮಮ್ ರೆಸಿಡೆಂಟ್ ಸೆಟ್ ಸೈಜ್’ ಅನ್ನುವ ಸಾಲು ನೋಡಿ, ಕಿಲೋಬೈಟ್‌ನಲ್ಲಿರುತ್ತದೆ. ಅದು ಒಟ್ಟು ಮೊತ್ತ ಅಲ್ಲ, ಒಳಗೆ ಓಡಿದ ಪ್ರೋಸೆಸ್‌ಗಳಲ್ಲಿ ಅತಿ ದೊಡ್ಡದು ಮುಟ್ಟಿದ ಎತ್ತರ. ನಮಗೆ ಬೇಕಾದದ್ದೂ ಅದೇ, ಅಂದರೆ ಸಿಸಿ1ಪ್ಲಸ್‌ನದ್ದು.

ಇದನ್ನೇ ಮೂರು ಸಲ ಮಾಡಿ: -ಓ0 -ಜಿ0, ಆಮೇಲೆ -ಓ0 -ಜಿ, ಆಮೇಲೆ -ಓ2 -ಜಿ. (-ಓ ಅಂದರೆ ಆಪ್ಟಿಮೈಸೇಶನ್ ಮಟ್ಟ, ಸೊನ್ನೆ ಇದ್ದರೆ ಇಲ್ಲ ಅಂತ; -ಜಿ0 ಅಂದರೆ ಡಿಬಗ್ ಮಾಹಿತಿ ಇಲ್ಲ.) ಮೊದಲನೆಯದೇ ಭಾರಿ ಬಂದರೆ ಟೆಂಪ್ಲೇಟ್‌ಗಳದ್ದೇ ತಪ್ಪು, ಫ್ಲ್ಯಾಗ್‌ಗಳಿಂದ ದೊಡ್ಡ ಲಾಭ ಇಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಜಿಗಿದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ನಿಮ್ಮ ವಿಷಯದಲ್ಲಿ ಅಲ್ಲೇ ಜಿಗಿಯುತ್ತದೆ ಅಂತ ನನ್ನ ಊಹೆ, ಏಕೆಂದರೆ ನೀವು ಇಟ್ಟಿರುವುದು ರೆಲ್‌ವಿತ್‌ಡೆಬ್‌ಇನ್ಫೋ.

ಜಿಸಿಸಿ ಇದ್ದಾಗ ಸಿಮೇಕ್ ಅದಕ್ಕೆ ಹಾಕುವುದು -ಓ2 -ಜಿ -ಡಿಎನ್‌ಡಿಬಗ್. ಇದು ಡಿಬಗ್ ಮಾಡುವವರಿಗೆ ಅಂತ ಮಾಡಿದ್ದಲ್ಲ. ಗ್ರಾಹಕರಿಗೆ ಕೊಟ್ಟ ಪ್ರೋಗ್ರಾಂ ಬಿದ್ದಾಗ ಎಲ್ಲಿ ಬಿತ್ತು ಅಂತ ನೋಡಲು ಒಳ್ಳೆಯದು, ಅಷ್ಟೇ. ಎನ್‌ಡಿಬಗ್ ಇದ್ದರೆ ಅಸರ್ಟ್‌ಗಳೆಲ್ಲ ಮಾಯ, ಐಗನ್‌ನ ಅಳತೆ ತಪಾಸಣೆಯೂ ಮಾಯ. 3×4 ಮ್ಯಾಟ್ರಿಕ್ಸ್‌ಗೆ ತಪ್ಪು ವೆಕ್ಟರ್ ಗುಣಿಸಿದರೂ ಅದು ಬಾಯಿ ಬಿಡುವುದಿಲ್ಲ. ನೀವು ದೋಷ ಹುಡುಕುತ್ತಾ, ದೋಷ ಹೇಳುವವನನ್ನೇ ಬಾಯಿ ಮುಚ್ಚಿಸಿ ಕೂತಿದ್ದೀರಿ.

ಮೆಮೊರಿ ಮಟ್ಟಿಗೆ -ಓ2 ಮತ್ತು -ಜಿ ಜೋಡಿ ಏಕೆ ಅಷ್ಟು ತುಟ್ಟಿ ಅಂತ ಹೇಳುತ್ತೇನೆ. -ಓ0ನಲ್ಲಿ ಪ್ರತಿ ವೇರಿಯಬಲ್‌ಗೂ ಸ್ಟ್ಯಾಕ್‌ನಲ್ಲಿ ಒಂದು ಖಾಯಂ ಜಾಗ. ಡಿಬಗರ್‌ಗೆ ‘ಇಂಥ ಕಡೆ ಇದೆ’ ಅಂದರೆ ಮುಗಿಯಿತು. -ಓ2ನಲ್ಲಿ ವೇರಿಯಬಲ್ ಒಂದು ರಿಜಿಸ್ಟರ್‌ನಿಂದ ಇನ್ನೊಂದಕ್ಕೆ ಓಡಾಡುತ್ತದೆ, ನಡುವೆ ಕಾಣೆಯಾಗುತ್ತದೆ, ಬೇರೆ ರೂಪದಲ್ಲಿ ಬರುತ್ತದೆ. ಪ್ರತಿ ಇನ್‌ಸ್ಟ್ರಕ್ಷನ್ ಹತ್ತಿರ ಅದು ಎಲ್ಲಿತ್ತು ಅಂತ ತಿಳಿಯಲು ಜಿಸಿಸಿ ಪ್ರತಿ ಅಸೈನ್‌ಮೆಂಟ್‌ಗೂ ಒಂದು ಗುರುತು ಚೀಟಿ ಅಂಟಿಸಿ, ಆಪ್ಟಿಮೈಸರ್ ಉದ್ದಕ್ಕೂ ಹೊತ್ತು ತರುತ್ತದೆ. ಕೊನೆಗೆ ಫಂಕ್ಷನ್‌ನ ಎಲ್ಲ ಬ್ಲಾಕ್‌ಗಳಲ್ಲೂ ಅವುಗಳ ಜಾಡು ಹಿಡಿಯುತ್ತದೆ. ಸಾಮಾನ್ಯ ಕೋಡ್‌ಗೆ ಇದು ಪರವಾಗಿಲ್ಲ. ಟೆಂಪ್ಲೇಟ್ ಕೋಡ್‌ನಲ್ಲಿ ಒಂದೇ ಸಾಲಿನ ನೂರಾರು ಪುಟಾಣಿ ಫಂಕ್ಷನ್‌ಗಳು ಇನ್‌ಲೈನ್ ಆಗಿ ಒಂದೇ ದೊಡ್ಡ ಫಂಕ್ಷನ್‌ಗೆ ಬಂದು ಬೀಳುತ್ತವೆ. ಅವುಗಳ ಪ್ಯಾರಾಮೀಟರ್‌ಗಳೂ, ‘ದಿಸ್’ ಪಾಯಿಂಟರ್‌ಗಳೂ ಎಲ್ಲ ವೇರಿಯಬಲ್‌ಗಳೇ. ಅಲ್ಲಿಗೆ ಜಾಡು ಹಿಡಿಯುವವನಿಗೇ ಗಿಗಾಬೈಟ್ ಬೇಕಾಗುತ್ತದೆ.

‘ವೇರಿಯಬಲ್ ಟ್ರ್ಯಾಕಿಂಗ್ ಸೈಜ್ ಲಿಮಿಟ್ ಎಕ್ಸೀಡೆಡ್’ ಅನ್ನುವ ಸಂದೇಶ ಯಾವಾಗಲಾದರೂ ಕಂಡಿದ್ದೀರಾ? ಅದರ ಅರ್ಥ ಕಂಪೈಲರ್ ತಾನೇ ಕೈಚೆಲ್ಲಿ, ಆ ಚೀಟಿಗಳನ್ನು ಬಿಟ್ಟು ಮತ್ತೊಮ್ಮೆ ಮಾಡುತ್ತಿದೆ ಅಂತ. ಅಂದರೆ ಮೊದಲ ಸಲದ ಕಷ್ಟ ಪೂರ್ತಿ ದಂಡ. ಅಲ್ಲಿ ‘-ಎಫ್‌ನೋ-ವಾರ್-ಟ್ರ್ಯಾಕಿಂಗ್-ಅಸೈನ್‌ಮೆಂಟ್ಸ್’ ಅಂತ ನಾವೇ ಹೇಳಿಬಿಡುವುದು ಮೇಲು. ಜಿಡಿಬಿಯಲ್ಲಿ ‘ಆಪ್ಟಿಮೈಸ್ಡ್ ಔಟ್’ ಸ್ವಲ್ಪ ಜಾಸ್ತಿ ಕಾಣಿಸುತ್ತದೆ, ಅಷ್ಟೇ ನಷ್ಟ.

ಆದರೆ ನಿಮಗೆ ನನ್ನ ಸಲಹೆ ಇನ್ನೂ ಸರಳ: ಬಿಲ್ಡ್ ಟೈಪನ್ನು ‘ಡಿಬಗ್’ ಮಾಡಿ. ಆಗ ಹೋಗುವುದು ಬರೀ -ಜಿ, ಆಪ್ಟಿಮೈಸೇಶನ್ ಇಲ್ಲ, ಜಾಡು ಹಿಡಿಯುವ ಕೆಲಸವೇ ಇಲ್ಲ. ಐಗನ್ -ಓ0ನಲ್ಲಿ ಆಮೆ ಥರ ಓಡುತ್ತದೆ ಅನ್ನಿಸಿದರೆ -ಓಜಿ ಹಾಕಿ. 2013ರಲ್ಲಿ ಬಂದ ಜಿಸಿಸಿ 4.8ರಿಂದ ಅದು ಇದೆ. ಆದರೆ -ಓಜಿಯಲ್ಲೂ ಜಾಡು ಹಿಡಿಯುವ ಕೆಲಸ ಸ್ವಲ್ಪ ಇರುತ್ತದೆ, ಹಾಗಾಗಿ ಅಳೆದು ನೋಡಿ ಇಟ್ಟುಕೊಳ್ಳಿ.

ಇನ್ನು -ಜೆ8. ಇದು ಬರೀ ಗಣಿತ. ಉದಾಹರಣೆಗೆ ನಿಮ್ಮ ದೊಡ್ಡ ಫೈಲ್ 1.7 ಜಿಬಿ ತಿಂದಿತು ಅನ್ನೋಣ. ಡೆಸ್ಕ್‌ಟಾಪ್, ಬ್ರೌಸರ್ ಸೇರಿ 2.5 ಜಿಬಿ ಹೋದರೆ ಉಳಿದದ್ದು 5.5. ಅದರಲ್ಲಿ ಮೂರು ಹಿಡಿಯುತ್ತವೆ, ನಾಲ್ಕನೆಯದು ಹಿಡಿಯುವುದಿಲ್ಲ. ಎಂಟು ಓಡಿಸಿದರೆ 13 ಜಿಬಿ ದಾಟುತ್ತದೆ, ಕರ್ನಲ್ ಯಾರನ್ನಾದರೂ ಬಲಿ ಕೊಡಲೇಬೇಕು. -ಜೆ ಮುಂದೆ ಸಂಖ್ಯೆ ಹಾಕದೇ ಬಿಡುವವರೂ ಇದ್ದಾರೆ. ಹಾಗೆ ಮಾಡಿದರೆ ಮೇಕ್‌ಗೆ ಮಿತಿಯೇ ಇಲ್ಲ, ಸಿಕ್ಕಿದ್ದೆಲ್ಲ ಒಟ್ಟಿಗೆ ಶುರು ಮಾಡುತ್ತದೆ.

ಹಾಗಂತ ಇಡೀ ಪ್ರಾಜೆಕ್ಟನ್ನು -ಜೆ2ರಲ್ಲಿ ಕಟ್ಟುವುದೂ ಬೇಜಾರು. ಇರುವ 80 ಫೈಲ್‌ನಲ್ಲಿ ಭಾರದವು ಐದಾರು ಇರಬಹುದು. ಇದಕ್ಕೆ ಮೇಕ್ ಬದಲು ಬಳಸಬಹುದಾದ ನಿಂಜಾದ ‘ಪೂಲ್’ ಚೆನ್ನಾಗಿದೆ. ಆ ಐದಾರು ಫೈಲನ್ನು ಸಿಮೇಕ್‌ನಲ್ಲಿ ಒಂದು ಬೇರೆ ಆಬ್ಜೆಕ್ಟ್ ಲೈಬ್ರರಿ ಮಾಡಿ. ‘ಜಾಬ್_ಪೂಲ್ಸ್’ನಲ್ಲಿ ‘ಭಾರ=1’ ಅಂತ ಒಂದು ಪೂಲ್ ಮಾಡಿ, ಆ ಲೈಬ್ರರಿಯ ‘ಜಾಬ್_ಪೂಲ್_ಕಂಪೈಲ್’ಗೆ ಅದನ್ನು ಕಟ್ಟಿ. ಆಗ ಭಾರದ ಫೈಲ್‌ಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗುತ್ತವೆ, ಹಗುರದವು ಪಕ್ಕದಲ್ಲಿ ಓಡುತ್ತಿರುತ್ತವೆ. ಮೇಕ್‌ಫೈಲ್‌ಗೆ ಈ ಸೌಕರ್ಯ ಇಲ್ಲ, ನಿಂಜಾ ಜನರೇಟರ್‌ಗೆ ಮಾತ್ರ. ನೆನಪಿಡಿ, ನಿಂಜಾ ನೀವು ಏನೂ ಹೇಳದಿದ್ದರೆ ಕೋರ್‌ಗಳ ಲೆಕ್ಕಕ್ಕೆ ಎರಡು ಸೇರಿಸಿ ಓಡಿಸುತ್ತದೆ. ಪೂಲ್ ಇದ್ದರೂ -ಜೆ ಕೊಡಿ. ಯೂನಿಟಿ ಬಿಲ್ಡ್ ಆನ್ ಮಾಡಿದ್ದರೆ ಈ ಗುರಿಗೆ ಆಫ್ ಮಾಡಿ. ಸಿಮೇಕ್ ಅದರಲ್ಲಿ ಮಾಮೂಲಾಗಿ ಎಂಟೆಂಟು ಫೈಲನ್ನು ಒಂದಕ್ಕೆ ಸೇರಿಸುತ್ತದೆ. ಒಟ್ಟು ಸಮಯ ಉಳಿಯಬಹುದು, ಆದರೆ ಮೆಮೊರಿಯ ತುತ್ತತುದಿ ಏರುತ್ತದೆ.

ಎಲ್ಲ ಫೈಲ್‌ಗೂ ಒಂದೇ ಮಟ್ಟದ ಡಿಬಗ್ ಮಾಹಿತಿ ಬೇಕು ಅಂತಲೂ ಇಲ್ಲ. ಸ್ಪಿರಿಟ್‌ನ ಒಳಗೆ ಹೆಜ್ಜೆ ಹೆಜ್ಜೆ ಇಟ್ಟು ಡಿಬಗ್ ಮಾಡಿದವರು ಯಾರು? ನಾನು ಎರಡು ಸಲ ಹೋಗಿದ್ದೇನೆ, ಎರಡೂ ಸಲ ದಾರಿ ತಪ್ಪಿ ವಾಪಸ್ ಬಂದಿದ್ದೇನೆ. ಆ ಫೈಲ್‌ಗಳಿಗೆ -ಜಿ1 ಸಾಕು. ಫಂಕ್ಷನ್ ಹೆಸರು, ಸಾಲಿನ ಸಂಖ್ಯೆ ಇರುತ್ತದೆ, ಬ್ಯಾಕ್‌ಟ್ರೇಸ್ ಸರಿಯಾಗಿ ಬರುತ್ತದೆ, ಲೋಕಲ್ ವೇರಿಯಬಲ್ ಮಾತ್ರ ಕಾಣುವುದಿಲ್ಲ. ಸಿಮೇಕ್‌ನಲ್ಲಿ ‘ಸೆಟ್_ಸೋರ್ಸ್_ಫೈಲ್ಸ್_ಪ್ರಾಪರ್ಟೀಸ್’ ಮೂಲಕ ಆ ಫೈಲ್‌ನ ‘ಕಂಪೈಲ್_ಆಪ್ಷನ್ಸ್’ಗೆ -ಜಿ1 ಕೊಟ್ಟರೆ, ಸಾಮಾನ್ಯ -ಜಿ ಆದಮೇಲೆ ಅದು ಬರುವುದರಿಂದ ಅದರ ಮಾತೇ ನಡೆಯುತ್ತದೆ. ನಿಮ್ಮ ಸ್ವಂತ ಇಂಟರ್‌ಪ್ರಿಟರ್ ಕೋಡ್‌ಗೆ ಪೂರ್ತಿ -ಜಿ ಇರಲಿ.

ಇಷ್ಟು ಮಾಡಿಯೂ ಒಂಟಿ ಫೈಲ್ 3 ಜಿಬಿ ಹತ್ತಿರ ನಿಂತಿದ್ದರೆ ಕೋಡ್‌ಗೆ ಕೈ ಹಾಕಲೇಬೇಕು. ಕ್ಯೂಐ ಗ್ರಾಮರ್‌ಗಳನ್ನು ಸಾಮಾನ್ಯವಾಗಿ ಹೇಗೆ ಬರೆಯುತ್ತಾರೆ ಅಂದರೆ, ಹೆಡರ್‌ನಲ್ಲಿ ‘ಟೆಂಪ್ಲೇಟ್ <ಟೈಪ್‌ನೇಮ್ ಇಟರೇಟರ್>’ ಅಂತ ಒಂದು ಸ್ಟ್ರಕ್ಟ್, ಅದರ ಕನ್‌ಸ್ಟ್ರಕ್ಟರ್ ಒಳಗೆ 40 ನಿಯಮ. ಆ ಹೆಡರನ್ನು ಸೇರಿಸಿಕೊಂಡು ಗ್ರಾಮರ್ ಬಳಸುವ ಪ್ರತಿ ಫೈಲೂ ಆ 40 ನಿಯಮವನ್ನು ಮೊದಲಿಂದ ಕಟ್ಟುತ್ತದೆ. ಸ್ಪಿರಿಟ್ ಜೊತೆಗೇ ಬರುವ ‘ಮಿನಿ ಸಿ’ ಉದಾಹರಣೆ ತೆರೆದು ನೋಡಿ. ಅಲ್ಲಿ ಒಂದು ಗ್ರಾಮರ್‌ಗೆ ಮೂರು ಫೈಲ್. ‘ಎಕ್ಸ್‌ಪ್ರೆಷನ್’ ಹೆಡರ್‌ನಲ್ಲಿ ಬರೀ ಸ್ಟ್ರಕ್ಟ್ ಮತ್ತು ನಿಯಮಗಳ ಘೋಷಣೆ. ‘ಎಕ್ಸ್‌ಪ್ರೆಷನ್_ಡೆಫ್’ನಲ್ಲಿ ಕನ್‌ಸ್ಟ್ರಕ್ಟರ್‌ನ ಹೊಟ್ಟೆ. ಒಂದು ಪುಟ್ಟ ಸಿಪಿಪಿ ಫೈಲ್ ಡೆಫ್ ಅನ್ನು ಸೇರಿಸಿಕೊಂಡು, ‘ಟೆಂಪ್ಲೇಟ್ ಸ್ಟ್ರಕ್ಟ್ ಎಕ್ಸ್‌ಪ್ರೆಷನ್<ಇಟರೇಟರ್_ಟೈಪ್>;’ ಅಂತ ಒಂದೇ ಸಾಲಿನಲ್ಲಿ ಇನ್‌ಸ್ಟನ್ಷಿಯೇಟ್ ಮಾಡುತ್ತದೆ. ಸ್ಟೇಟ್‌ಮೆಂಟ್‌ಗೆ ಬೇರೆ, ಫಂಕ್ಷನ್‌ಗೆ ಬೇರೆ. ನಿಮ್ಮ 600 ಸಾಲನ್ನು ಹೀಗೇ ಮೂರು ನಾಲ್ಕು ಪಾಲು ಮಾಡಿ. ಒಂದು ಪಾಲು ಮುಗಿದಾಗ ಆ ಕಂಪೈಲರ್ ಪ್ರೋಸೆಸ್ ಸಾಯುತ್ತದೆ, ಅದು ಹಿಡಿದಿದ್ದ ಮೆಮೊರಿ ಅಷ್ಟೂ ವಾಪಸ್.

ಎರಡನೆಯದು, ಉದ್ದದ ಎಕ್ಸ್‌ಪ್ರೆಷನ್‌ಗಳನ್ನು ತುಂಡು ಮಾಡಿ ಪ್ರತಿ ತುಂಡಿಗೂ ‘ಕ್ಯೂಐ::ರೂಲ್’ ಕೊಡಿ. ರೂಲ್ ಒಂದು ಗೋಡೆ ಇದ್ದ ಹಾಗೆ. ಅದರ ಒಳಗೆ ಎಷ್ಟೇ ಜಟಿಲ ಟೈಪ್ ಇದ್ದರೂ ಹೊರಗೆ ಕಾಣುವುದು ಇಟರೇಟರ್, ಆಟ್ರಿಬ್ಯೂಟ್, ಸ್ಕಿಪ್ಪರ್ ಇಷ್ಟೇ. ಒಳಗಿನದನ್ನು ಫಂಕ್ಷನ್ ಪಾಯಿಂಟರ್ ಮೂಲಕ ಕರೆಯುತ್ತದೆ. ವಂಶಾವಳಿ ಅಲ್ಲಿಗೇ ನಿಲ್ಲುತ್ತದೆ. ಪಾರ್ಸ್ ಮಾಡುವಾಗ ಒಂದು ಪರೋಕ್ಷ ಕರೆ ಜಾಸ್ತಿಯಾಗುತ್ತದೆ, ನಿಮ್ಮ ಸ್ಕ್ರಿಪ್ಟ್ ಭಾಷೆಗೆ ಅದು ಲೆಕ್ಕಕ್ಕಿಲ್ಲ. ‘ಆಟೋ’ ಹಾಕಿ ತುಂಡು ಮಾಡಲು ಮಾತ್ರ ಹೋಗಬೇಡಿ. ಕ್ಯೂಐನಲ್ಲಿ ಅದು ಸತ್ತ ತಾತ್ಕಾಲಿಕ ವಸ್ತುಗಳಿಗೆ ರೆಫರೆನ್ಸ್ ಹಿಡಿದುಕೊಂಡು, ಪ್ರೋಗ್ರಾಂ ಓಡುವಾಗ ಬೀಳುತ್ತದೆ. ಟೈಪ್ ಹೇಗೂ ಚಿಕ್ಕದಾಗುವುದಿಲ್ಲ.

ಐಗನ್ ಕಡೆ: ಫಂಕ್ಷನ್‌ಗಳನ್ನು ‘ಮ್ಯಾಟ್ರಿಕ್ಸ್‌ಬೇಸ್<ಡಿರೈವ್ಡ್>’ ಮೇಲೆ ಟೆಂಪ್ಲೇಟ್ ಮಾಡಿದ್ದರೆ, ನೀವು ಕಳಿಸುವ ‘ಎ+ಬಿ’, ‘ಎ*ಬಿ’, ‘ಎ ಟ್ರಾನ್ಸ್‌ಪೋಸ್’ ಪ್ರತಿಯೊಂದಕ್ಕೂ ಒಂದೊಂದು ಹೊಸ ಪ್ರತಿ ಹುಟ್ಟುತ್ತದೆ. ಅದರ ಬದಲು ‘ಐಗನ್::ರೆಫ್’ ತೆಗೆದುಕೊಳ್ಳುವ ಸಾಮಾನ್ಯ ಫಂಕ್ಷನ್ ಬರೆದರೆ ಪ್ರತಿ ಒಂದೇ, ಅದೂ ಸಿಪಿಪಿ ಫೈಲ್‌ನಲ್ಲಿ. ‘ಡೆನ್ಸ್’ ಹೆಡರ್ ಎಲ್ಯು, ಕ್ಯುಆರ್, ಎಸ್‌ವಿಡಿ, ಐಗನ್‌ವ್ಯಾಲ್ಯೂ ಎಲ್ಲವನ್ನೂ ಎಳೆದು ತರುತ್ತದೆ. ಕೂಡುವುದು ಗುಣಿಸುವುದು ಮಾತ್ರ ಇದ್ದರೆ ‘ಕೋರ್’ ಸಾಕು.

ಇಂಟರ್‌ಪ್ರಿಟರ್ ಅಂದಿರಿ, ಹಾಗಾಗಿ ವ್ಯಾಲ್ಯೂಗಳಿಗೆ ‘ಎಸ್‌ಟಿಡಿ::ವೇರಿಯಂಟ್’ (ಹಲವು ಟೈಪ್‌ಗಳಲ್ಲಿ ಯಾವುದಾದರೂ ಒಂದನ್ನು ಇಟ್ಟುಕೊಳ್ಳುವ ಡಬ್ಬಿ) ಇರಬಹುದು. ಎರಡು ವೇರಿಯಂಟನ್ನು ಒಟ್ಟಿಗೆ ‘ವಿಸಿಟ್’ ಮಾಡಿದರೆ, ಒಂದೊಂದರಲ್ಲಿ 10 ಟೈಪ್ ಇದ್ದರೆ 100 ಫಂಕ್ಷನ್ ಹುಟ್ಟುತ್ತವೆ. ಮೂರಾದರೆ 1000. ಕೂಡು, ಕಳೆ, ಹೋಲಿಸು ಅಂತ 15 ಆಪರೇಟರ್‌ಗೂ ಹೀಗೇ ಮಾಡಿದ್ದರೆ ಗುಣಿಸಿ ನೋಡಿ. ಮೊದಲು ಎರಡೂ ಕಡೆಯನ್ನು ಡಬಲ್‌ಗೋ ಸ್ಟ್ರಿಂಗ್‌ಗೋ ತಂದುಕೊಂಡು ಆಮೇಲೆ ಲೆಕ್ಕ ಮಾಡಿದರೆ ಇದರಲ್ಲಿ ಬಹುಪಾಲು ಬೇಕಾಗುವುದೇ ಇಲ್ಲ. ಸ್ವಂತ ಮೆಟಾಪ್ರೋಗ್ರಾಮಿಂಗ್ ಇದ್ದರೆ, ‘ತಲೆ ತೆಗೆದು ಬಾಲಕ್ಕೆ ಮತ್ತೆ ಕರೆ’ ಅನ್ನುವ ರಿಕರ್ಶನ್ ಹುಡುಕಿ. 50 ಟೈಪ್‌ನ ಪಟ್ಟಿಗೆ 50, 49, 48 ಅಂತ ಇಳಿಯುತ್ತಾ ಹೋದರೆ ಹೆಸರುಗಳಲ್ಲಿ ಒಟ್ಟು 1275 ಟೈಪ್ ಬರೆದ ಹಾಗಾಯಿತು. ಸಿ++17ರ ಫೋಲ್ಡ್ ಎಕ್ಸ್‌ಪ್ರೆಷನ್‌ನಲ್ಲಿ ಅದು ಒಂದೇ ಸಲಕ್ಕೆ ಆಗುತ್ತದೆ.

‘ಎಕ್ಸ್‌ಟರ್ನ್ ಟೆಂಪ್ಲೇಟ್’ ಬಗ್ಗೆ ಎಲ್ಲರೂ ಹೇಳುತ್ತಾರೆ. ಸಿ++11ರಿಂದ ಇದೆ, ಒಳ್ಳೆಯದೇ, ಆದರೆ ಜಾಸ್ತಿ ನಿರೀಕ್ಷೆ ಬೇಡ. ಅದು ಸದಸ್ಯ ಫಂಕ್ಷನ್‌ಗಳ ಕೋಡನ್ನು ಈ ಫೈಲ್‌ನಲ್ಲಿ ಹುಟ್ಟಿಸಬೇಡ ಅನ್ನುತ್ತದೆ. ಕ್ಲಾಸ್ ಅಂತೂ ಹುಟ್ಟುತ್ತದೆ, ಅದರ ಡಿಬಗ್ ದಾಖಲೆಯೂ ಹುಟ್ಟುತ್ತದೆ. ನಿಮ್ಮ ಸ್ವಂತ ದೊಡ್ಡ ಕ್ಲಾಸ್ ಟೆಂಪ್ಲೇಟ್‌ಗಳಿಗೆ ಬಳಸಿ.

ಜಿಸಿಸಿ ಒಳಗೇ ಒಂದು ಗಾರ್ಬೇಜ್ ಕಲೆಕ್ಟರ್ ಇದೆ, ಅದನ್ನು ಹಿಂಡುವ ಎರಡು ತಿರುಪೂ ಇವೆ: ‘ಜಿಜಿಸಿ-ಮಿನ್-ಎಕ್ಸ್‌ಪ್ಯಾಂಡ್’ ಮತ್ತು ‘ಜಿಜಿಸಿ-ಮಿನ್-ಹೀಪ್‌ಸೈಜ್’, ಎರಡನ್ನೂ ‘--ಪ್ಯಾರಮ್’ ಮೂಲಕ ಕೊಡಬೇಕು. 1 ಜಿಬಿಗಿಂತ ಜಾಸ್ತಿ ಮೆಮೊರಿ ಇರುವ ಯಂತ್ರದಲ್ಲಿ ಮಾಮೂಲಾಗಿ ಮೊದಲನೆಯದು 100, ಎರಡನೆಯದು 128 ಎಂಬಿ. ಅಂದರೆ ಹೀಪ್ ಹಿಂದಿನದರ ಎರಡರಷ್ಟು ಆಗುವ ತನಕ ಕಸ ಗುಡಿಸುವುದಿಲ್ಲ. ಮೊದಲನೆಯದನ್ನು 20ಕ್ಕೆ ಇಳಿಸಿದರೆ ಬೇಗ ಬೇಗ ಗುಡಿಸುತ್ತದೆ, ಕಂಪೈಲ್ ನಿಧಾನವಾಗುತ್ತದೆ. 32 ಬಿಟ್ ಯಂತ್ರಗಳಿಗೆ ದೊಡ್ಡ ಸಿ++ ಪ್ಯಾಕೇಜ್ ಕಟ್ಟುವವರು ಇದನ್ನೂ -ಜಿ1ನ್ನೂ ಬಳಸುವುದುಂಟು. ಆದರೆ ಗುಡಿಸುವುದು ಕಸವನ್ನು ಮಾತ್ರ. ಟೆಂಪ್ಲೇಟ್ ಟೈಪ್‌ಗಳು ಕಸ ಅಲ್ಲ, ಬಳಕೆಯಲ್ಲಿರುವ ಸಾಮಾನು. ಎರಡನ್ನೂ ಸೊನ್ನೆ ಮಾಡಿದರೆ ಸಿಕ್ಕ ಸಿಕ್ಕಲ್ಲೆಲ್ಲ ಗುಡಿಸುತ್ತಾ ಕೂರುತ್ತದೆ, ಬಿಲ್ಡ್ ಮುಗಿಯುವುದಿಲ್ಲ.

ಇನ್ನೊಂದು ಕಳ್ಳ ಇದ್ದಾನೆ, ಅವನನ್ನು ಹಿಡಿಯಲು ನನಗೆ ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಸಿಸಿ1ಪ್ಲಸ್ ಬರೆಯುವ ಅಸೆಂಬ್ಲಿ ಫೈಲ್ /ಟಿಎಂಪಿಗೆ ಹೋಗುತ್ತದೆ. ಟೆಂಪ್ಲೇಟ್ ಮತ್ತು -ಜಿ ಸೇರಿದರೆ ಆ ಫೈಲ್ ನೂರಾರು ಎಂಬಿ ಆಗಬಹುದು. ಫೆಡೋರಾ, ಆರ್ಚ್ ಮುಂತಾದವುಗಳಲ್ಲಿ /ಟಿಎಂಪಿ ಇರುವುದು ಟಿಎಂಪಿಎಫ್‌ಎಸ್‌ನಲ್ಲಿ, ಅಂದರೆ ಮೆಮೊರಿಯಲ್ಲೇ! ಡಿಸ್ಕ್‌ಗೆ ಬರೆಯುತ್ತಿದೆ ಅಂತ ನಾವು ಅಂದುಕೊಂಡಿರುತ್ತೇವೆ, ಅದು ನಮ್ಮ ಜೇಬಿನಿಂದಲೇ ತೆಗೆಯುತ್ತಿರುತ್ತದೆ. ‘ಡಿಎಫ್ /ಟಿಎಂಪಿ’ ಕೊಟ್ಟು ನೋಡಿ, ಹಾಗಿದ್ದರೆ ‘ಟಿಎಂಪಿಡಿರ್’ ಅನ್ನು ಹೋಮ್ ಒಳಗಿನ ಯಾವುದಾದರೂ ಫೋಲ್ಡರ್‌ಗೆ ತಿರುಗಿಸಿ. ಯಾರದ್ದೋ ಫ್ಲ್ಯಾಗ್ ನಕಲು ಮಾಡಿ -ಪೈಪ್ ಹಾಕಿದ್ದರೆ ತೆಗೆಯಿರಿ. ಅದರಲ್ಲಿ ಕಂಪೈಲರ್, ಅಸೆಂಬ್ಲರ್ ಎರಡೂ ಒಂದೇ ಹೊತ್ತಿಗೆ ಮೆಮೊರಿಯಲ್ಲಿ ಕೂರುತ್ತವೆ.

ಕಂಪೈಲ್ ಎಲ್ಲ ಮುಗಿದು ಕೊನೆಗೆ ಲಿಂಕರ್ ‘ಎಲ್‌ಡಿ’ ಕಿಲ್ಡ್ ಆದರೆ ಅದು ಬೇರೆ ಕಥೆ. ಅದಕ್ಕೆ ‘-ಜಿಸ್ಪ್ಲಿಟ್-ಡ್ವಾರ್ಫ್’ ಹಾಕಿ. ಡಿಬಗ್ ಮಾಹಿತಿಯ ದೊಡ್ಡ ಪಾಲು ಡಿಡಬ್ಲ್ಯುಒ ಫೈಲ್‌ಗಳಲ್ಲಿ ಉಳಿಯುತ್ತದೆ, ಲಿಂಕರ್ ಅದನ್ನು ಮುಟ್ಟುವುದಿಲ್ಲ. ಕಂಪೈಲರ್‌ನ ಮೆಮೊರಿಗೆ ಇದರಿಂದ ಉಪಕಾರ ಇಲ್ಲ, ಅದನ್ನು ಕಲಸಿಕೊಳ್ಳಬೇಡಿ. ಲಿಂಕ್‌ಗೂ ಒಂದು ಪೂಲ್ ಮಾಡಿ ಒಂದಕ್ಕೆ ಮಿತಿ ಹಾಕಿ.

ಕ್ಲ್ಯಾಂಗ್ ಸಹ ಒಮ್ಮೆ ಹಾಕಿ ನೋಡಿ. ಈ ಫೈಲ್‌ನಲ್ಲಿ ಪೂರ್ತಿ ವಿವರ ಬೇಕಿಲ್ಲದ ಕೆಲವು ಟೈಪ್‌ಗಳಿಗೆ ಅದು ಲಿನಕ್ಸ್‌ನಲ್ಲಿ ಮಾಮೂಲಾಗಿ ಬರೀ ಘೋಷಣೆ ಬರೆದು ಸುಮ್ಮನಾಗುತ್ತದೆ. 2019ರಲ್ಲಿ ಬಂದ ಕ್ಲ್ಯಾಂಗ್ 9ರಿಂದ ‘-ಎಫ್‌ಟೈಮ್-ಟ್ರೇಸ್’ ಇದೆ. ಯಾವ ಟೆಂಪ್ಲೇಟ್ ಎಷ್ಟು ಹೊತ್ತು ತಿಂದಿತು ಅಂತ ಬ್ರೌಸರ್‌ನಲ್ಲಿ ಚಿತ್ರವಾಗಿ ಕಾಣುತ್ತದೆ. ಅದು ಹೇಳುವುದು ಸಮಯ, ಮೆಮೊರಿ ಅಲ್ಲ. ಆದರೂ ಗ್ರಾಮರ್ ಎಲ್ಲಿ ಒಡೆಯಬೇಕು ಅಂತ ತೀರ್ಮಾನಿಸಲು ನಾನು ಮೊದಲು ತೆರೆಯುವುದು ಅದನ್ನೇ.

ಕೊನೆಗೆ ಸ್ವಾಪ್, ಅಂದರೆ ಮೆಮೊರಿ ತುಂಬಿದಾಗ ಬಳಸುವ ಡಿಸ್ಕ್‌ನ ಜಾಗ. ಹಾಕಿಕೊಳ್ಳಿ, 8 ಜಿಬಿ ಸ್ವಾಪ್ ಫೈಲ್ ಇರಲಿ. ಒಂದೇ ಫೈಲ್ ಅರ್ಧ ಜಿಬಿ ಹೊರಗೆ ಚಾಚಿದರೆ ಸ್ವಾಪ್ ಕಾಪಾಡುತ್ತದೆ. ಎಂಟು ಒಟ್ಟಿಗೆ ಚಾಚಿದರೆ ಮತ್ತೆ ಮೌಸ್ ಅಲುಗಾಡುವುದಿಲ್ಲ. ಹಾಗಾಗಿ ಇವತ್ತು ಸಂಜೆ ಬಿಲ್ಡ್ ಟೈಪ್ ಬದಲಿಸಿ, -ಜೆ2ರಲ್ಲಿ ಬಿಟ್ಟು ಒಂದು ಕಾಫಿ ಕುಡಿದು ಬನ್ನಿ. ಗ್ರಾಮರ್ ಒಡೆಯುವುದು ಭಾನುವಾರದ ಕೆಲಸ.